ಹೆಮ್ಲಾಕ್ ರಿಜ್ ಕಾಡುದಾರಿಗೆ ಗದಗಿನ ಕಟ್ಟೆ

ಬೆಳಕು ಇನ್ನೂ ಸರಿಯಾಗಿ ಮೂಡಿಲ್ಲ. ಸಿಯಾಟಲ್‌ನಿಂದ ಪೂರ್ವಕ್ಕೆ ಬೆಟ್ಟ ಹತ್ತಿದರೆ ಸಿಗುವ ಹೆಮ್ಲಾಕ್ ರಿಜ್ ಎಂಬ ಸ್ಕೀ ರೆಸಾರ್ಟಿನಲ್ಲಿ, ಚಳಿಗಾಲದಲ್ಲಿ ಜನರನ್ನು ಹೊತ್ತೊಯ್ಯುವ ತೂಗುಕುರ್ಚಿಗಳು ಆಗಸ್ಟಿನ ಮಂಜಿನಲ್ಲಿ ಸುಮ್ಮನೆ ನೇತಾಡುತ್ತಿವೆ. ಅವುಗಳ ಕೆಳಗೆ ಕಾಡಿನೊಳಗೆ ಹೋಗುವ ಕಾಲುದಾರಿಯಲ್ಲಿ ಹೆಂಗಸೊಬ್ಬರು ಮಂಡಿಯೂರಿ ಕೂತು, ಸೀಡರ್ ಮರದ ದಿಮ್ಮಿಯನ್ನು ಬಾಚಿಯಿಂದ ಕೆತ್ತಿ ನಯ ಮಾಡುತ್ತಿದ್ದಾರೆ. ದಪ್ಪ ಪ್ಯಾಂಟು, ಕೆಸರು ಮೆತ್ತಿದ ಬೂಟು, ಹಳದಿ ಹೆಲ್ಮೆಟ್ಟು, ಅದರ ಕೆಳಗೆ ಕಾಸಗಲ ಕುಂಕುಮ. ಇವರು ಗದಗಿನ ಗೌರಾದೇವಿ. ದಾರಿ ನೋಡಿಕೊಳ್ಳುವ ತಂಡದಲ್ಲಿ ಇವರೊಬ್ಬರೇ ಕನ್ನಡದವರು, ವಯಸ್ಸಿನಲ್ಲೂ ಇವರೇ ಹಿರಿಯರು.

"ಇವತ್ತ ಮರ್ಲಿನ್ ಬರ್ತಾಳ್ರಿ. ಪಾಸೋ ಫೇಲೋ ಗೊತ್ತಾಗ್ತೈತಿ," ಎನ್ನುತ್ತಾರೆ, ಕೈ ನಿಲ್ಲಿಸದೆ. ಮರ್ಲಿನ್ ಇಲ್ಲಿನ ಮೇಲ್ವಿಚಾರಕಿ. ದಾರಿಯುದ್ದಕ್ಕೂ ಗೌರಾದೇವಿ ಮಾಡಿಟ್ಟಿರುವ ಮರದ ಕಟ್ಟೆಗಳನ್ನು ಉಳಿಸಬೇಕೋ ಕಿತ್ತೆಸೆಯಬೇಕೋ ಎಂದು ಇವತ್ತು ಹೇಳಬೇಕಾದವರು ಅವರೇ.

ಇದು ಸಾಹಸಿಗಳ ದಾರಿಯಲ್ಲ. ದೊಡ್ಡ ಏರಿಲ್ಲ, ಜಾರುವ ಭಯವಿಲ್ಲ, ಕೊನೆಯಲ್ಲೊಂದು ಪುಟ್ಟ ಜಲಪಾತ. ಸಿಯಾಟಲ್ ಪಕ್ಕದ ಓವರ್‌ಲೇಕ್ ಸುತ್ತಿನ ನಮ್ಮ ಸಾಫ್ಟ್‌ವೇರ್ ಮಂದಿ ಊರಿಂದ ಬಂದ ಅಪ್ಪ ಅಮ್ಮನನ್ನು ಬೇಸಿಗೆಯಲ್ಲಿ ಇಲ್ಲಿಗೇ ಕರೆತರುತ್ತಾರೆ. ಆದರೆ ಹಿರಿಯರಿಗೆ ಅರ್ಧ ದಾರಿಗೇ ಸುಸ್ತು. ಕೂರೋಣವೆಂದರೆ ಒದ್ದೆ ನೆಲ. ಜಲಪಾತದ ಸದ್ದು ಕೇಳಿಸಿಕೊಂಡು, ಮೊಮ್ಮಕ್ಕಳ ಫೋನಿನಲ್ಲಿ ಅದರ ಫೋಟೋ ನೋಡಿ ಹಿಂದಿರುಗುವುದು ವಾಡಿಕೆಯಾಗಿಬಿಟ್ಟಿತ್ತು.

ಗೌರಾದೇವಿಯವರ ಯಜಮಾನರು ವಿಜಯೇಂದ್ರ, ಎವರೆಟ್‌ನ ವಿಮಾನ ಕಾರ್ಖಾನೆಯಲ್ಲಿ ಇಂಜಿನಿಯರ್. ಮಗಳು ಕೀರ್ತಿ ಕಾಲೇಜು ಸೇರಿದ ಮೇಲೆ ಮನೆಯಲ್ಲಿ ಹೊತ್ತು ಹೋಗದೆ ಗೌರಾದೇವಿ ರೆಸಾರ್ಟಿನ ಅಡುಗೆಮನೆಗೆ ಸೇರಿದರು. ಚಳಿಗಾಲವೆಲ್ಲ ಪಾತ್ರೆ ತೊಳೆಯುವುದು, ಆಲೂಗಡ್ಡೆ ಹೆಚ್ಚುವುದು. ಹಿಮ ಕರಗಿದಾಗ ಹೊರಗಿನ ಕೆಲಸ ಕೊಡಿ ಎಂದು ತಾವೇ ಕೇಳಿದರು. ಮೊದಲ ವರ್ಷ ಅಂಗೈ ತುಂಬ ಬೊಬ್ಬೆ. ಅದಕ್ಕಿಂತ ಉರಿದದ್ದು ನಮ್ಮವರ ಮಾತು. "ಇಂಜಿನಿಯರ್ ಹೆಂಡ್ತಿ ಸಲಿಕಿ ಹಿಡದಾಳಂತ ಪಾಟ್‌ಲಕ್ ಊಟದಾಗ ಮಾತಾಡ್ಕೊಂಡ್ರು. ಮುಂದಿನ ಸಲ ಸಲಿಕಿ ತಗೊಂಡ ಹೋಗ್ಲೇನು ಅಂದೆ. ನಮ್ಮ ಮನಿಯವರು ಬ್ಯಾಡ ಮಾರಾಯ್ತಿ ಅಂತ ಕೈ ಮುಗದ್ರು," ಎಂದು ನಗುತ್ತಾರೆ.

ಕೊಂಬೆ ಸರಿಸು, ಚರಂಡಿ ಬಿಡಿಸು, ಬಿದ್ದ ಮರ ತುಂಡರಿಸು. ಎಲ್ಲವೂ ಯಾರೋ ಹೇಳಿದ ಕೆಲಸ. ಕಟ್ಟೆ ಮಾತ್ರ ಅವರು ತಾವಾಗಿ ಬಾಯಿ ಬಿಟ್ಟು ಕೇಳಿದ್ದು. ಬಿದ್ದ ಮರಗಳಿಂದಲೇ ಮಾಡುತ್ತೇನೆ ಎಂದಾಗ ಮರ್ಲಿನ್ ಒಪ್ಪಿದರು. ಗೌರಾದೇವಿಗೆ ಗೊತ್ತಿದ್ದ ಕಟ್ಟೆ ಎಂದರೆ ಗದಗಿನ ಮನೆ ಮುಂದಿನದು. ಅಗಲ, ತಗ್ಗು, ಚಕ್ಕಳಮಕ್ಕಳ ಹಾಕಿ ಹರಟೆಗೆ ಕೂರುವಂಥದ್ದು. ಕಾಡಿನಲ್ಲೂ ಅದನ್ನೇ ಮಾಡಿಟ್ಟರು.

ಜೂನ್‌ನಲ್ಲಿ ಎಡವಟ್ಟಾಯಿತು. ಓವರ್‌ಲೇಕ್‌ನ ರುಕ್ಮಿಣಿ ಗಂಡನ ಜೊತೆ ತಮ್ಮ ಅತ್ತೆ, ಮೈಸೂರಿನ ರಾಧಮ್ಮನವರನ್ನು ಕರೆತಂದಿದ್ದರು. ರಾಧಮ್ಮ ಕಟ್ಟೆ ಕಂಡದ್ದೇ ಕಾಲು ಮಡಚಿ ಕೂತರು, ಕೋಡುಬಳೆ ಡಬ್ಬಿ ತೆಗೆದರು. ತಿಂದಾಯಿತು, ಮಾತಾಯಿತು. ಏಳಲು ಹೋದರೆ ಮಂಡಿ ಹಿಡಿದುಕೊಂಡಿದೆ! ಸೊಸೆ ಒಂದು ಕೈ, ಮಗ ಒಂದು ಕೈ ಎಳೆದರೂ ಆಗಲಿಲ್ಲ. ಕೊನೆಗೆ ರೆಸಾರ್ಟಿನವರು ಕಾಲು ಮುರಿದ ಸ್ಕೀಗಾರರನ್ನು ಹೊರುವ ಸ್ಟ್ರೆಚರ್ ತಂದರು. "ನಂಗೇನೂ ಆಗಿಲ್ಲಪ್ಪ, ಏಳಕ್ಕಾಗ್ತಿಲ್ಲ ಅಷ್ಟೇ," ಎಂದು ದಾರಿಯುದ್ದಕ್ಕೂ ಹೇಳುತ್ತಾ ರಾಧಮ್ಮ ಮಲಗಿಕೊಂಡೇ ಕೆಳಗೆ ಬಂದರು.

ಕಟ್ಟೆಗಳನ್ನೆಲ್ಲ ತೆಗೆಯಿರಿ ಎಂದರು ಮರ್ಲಿನ್. ಗೌರಾದೇವಿ ಒಂದು ಅವಕಾಶ ಬೇಡಿದರು. "ಕುಂದ್ರೋದನ್ನ ಅಷ್ಟ ವಿಚಾರ ಮಾಡಿದ್ದೆ, ಏಳೋದನ್ನ ಮರತಿದ್ದೆ. ತಪ್ಪು ನಂದ," ಎನ್ನುತ್ತಾರೆ, ಈಗಲೂ ಯಾರನ್ನೂ ದೂರುವುದಿಲ್ಲ. ಮನೆಗೆ ಹೋಗಿ ಗ್ಯಾರೇಜಿನಲ್ಲಿ ಅಕ್ಕಿ ಮೂಟೆ, ರಟ್ಟಿನ ಡಬ್ಬಿ ಒಟ್ಟಿ ಅದರ ಮೇಲೆ ವಿಜಯೇಂದ್ರರನ್ನು ಕೂರಿಸಿದರು. ಅವರಿಗೂ ಮಂಡಿನೋವು. ಕೂರು, ಏಳು, ಮತ್ತೆ ಕೂರು! ಅವರು ನರಳದೆ ಎದ್ದ ಎತ್ತರವೇ ಹೊಸ ಕಟ್ಟೆಗಳ ಅಳತೆಯಾಯಿತು. ಪಕ್ಕದಲ್ಲಿ ಹಿಡಿದೇಳಲು ಒಂದೊಂದು ಗಟ್ಟಿ ಗೂಟವನ್ನೂ ನೆಟ್ಟಿದ್ದಾರೆ.

ಬಿಸಿಲು ಏರಿದ ಮೇಲೆ ಮರ್ಲಿನ್ ಬರುತ್ತಾರೆ. ಹಿಂದೆಯೇ ರುಕ್ಮಿಣಿ ಮತ್ತು ರಾಧಮ್ಮ. ಪರೀಕ್ಷೆ ಮಾಡುವುದಾದರೆ ಅವರೇ ಮಾಡಲಿ ಎಂದು ಕರೆಸಿದ್ದು ಗೌರಾದೇವಿಯೇ. ಆ ಧೈರ್ಯವನ್ನು ಮೆಚ್ಚಲೇಬೇಕು.

ರಾಧಮ್ಮ ಮೊದಲ ಕಟ್ಟೆಯನ್ನು ಅನುಮಾನದಿಂದ ನೋಡಿ ಕೂರುತ್ತಾರೆ. ರಾಧಮ್ಮ ಗೂಟ ಹಿಡಿಯುತ್ತಾರೆ, ಏಳುತ್ತಾರೆ. "ಅಯ್ಯೋ, ಎದ್ದೇಬಿಟ್ಟೆ ಕಣೇ!" ಎಂದು ಸೊಸೆಯತ್ತ ತಿರುಗುತ್ತಾರೆ. ಬೇಕೆಂದೇ ಮತ್ತೊಮ್ಮೆ ಕೂತು ಏಳುತ್ತಾರೆ.

ಎರಡನೆಯ ಕಟ್ಟೆ ಬರುತ್ತದೆ. ರಾಧಮ್ಮ ಅದನ್ನು ಕೈಯಲ್ಲಿ ತಟ್ಟಿ ಮುಂದೆ ನಡೆಯುತ್ತಾರೆ. ಮುಂದಿನದಕ್ಕೂ ಅಷ್ಟೇ. "ಕೂತ್ಕೋತೀರಾ ಅತ್ತೆ?" ಎಂದರೆ, "ಮುಂದೆ ಇನ್ನೊಂದಿದೆಯಲ್ಲಾ, ಸುಸ್ತಾದ್ರೆ ಕೂತ್ರಾಯ್ತು, ಬಾ," ಎಂಬ ಉತ್ತರ. ಹೀಗೇ ಹೋಗಿ ಹೋಗಿ ಜಲಪಾತವೇ ಎದುರು ನಿಲ್ಲುತ್ತದೆ. ರಾಧಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ನೋಡುತ್ತಲೇ ಇದ್ದಾರೆ.

ಮರ್ಲಿನ್ ಗೌರಾದೇವಿಯ ಹೆಗಲು ತಟ್ಟಿ, ಕಟ್ಟೆಗಳು ಇರಲಿ ಎನ್ನುತ್ತಾರೆ. ಗೌರಾದೇವಿ ತಿರುಗಿ, ದಾರಿಯಲ್ಲಿ ಖಾಲಿ ಉಳಿದ ತಮ್ಮ ಕಟ್ಟೆಗಳನ್ನು ನೋಡುತ್ತಾರೆ. ಕಣ್ಣು ತುಂಬಿದೆ, ಹೆಮ್ಮೆಗೆ.

"ನೋಡ್ರಿ, ಒಂದರ ಮ್ಯಾಲೆ ಕುಂತ್ರು, ಉಳದಾವೆಲ್ಲಾ ದಾಟಿ ಹ್ವಾದ್ರು. ನಾ ಮಾಡಿದ್ದು ಚಲೋ ಆಗೈತ್ರಿ."