ಎಳ್ಳಮಾವಾಸ್ಯೆಯ ಚೀಟಿ

ಇದನ್ನು ಬರೆಯಲು ಕುಳಿತು ಎಷ್ಟೋ ಸಲ ಎದ್ದುಹೋಗಿದ್ದೇನೆ. ಮಗಳು ನೊಂದುಕೊಂಡಾಳು ಎಂದು ನೆಪ ಹೇಳಿಕೊಳ್ಳುತ್ತಿದ್ದೆ. ಅಂಜಿಕೆ ನನ್ನದೇ.

ಸ್ವಾತಂತ್ರ್ಯ ಬರುವುದಕ್ಕೆ ಹದಿನೈದು ವರ್ಷ ಮೊದಲಿನ ಮಾತು. ನಮ್ಮ ಜನದಲ್ಲಿ ಗಂಡಹೆಂಡಿರು ಬೇರೆಯಾಗಲು ಕೋರ್ಟು ಬೇಕಿರಲಿಲ್ಲ. ಪಂಚರ ಮುಂದೆ ಸೋಡಚೀಟಿ ಬರೆದರೆ ಮುಗಿಯಿತು. ನಾನೂ ನನ್ನ ಮೊದಲ ಹೆಂಡತಿಯೂ ಹಾಗೆಯೇ ಬೇರೆಯಾದೆವು. ನಮ್ಮದು ಹುಬ್ಬಳ್ಳಿಯ ಅರಳೆ ವ್ಯಾಪಾರದ ಮನೆ, ಅವಳ ತವರು ಸುಳ್ಳ ಗ್ರಾಮ. ನಾಲ್ಕು ವರ್ಷದ ಮಗಳು ನನ್ನಲ್ಲಿರಬೇಕು, ಪ್ರತಿ ಅಮಾವಾಸ್ಯೆಗೆ ತಾಯಿಯಲ್ಲಿಗೆ ಹೋಗಬೇಕು ಎಂದು ಪಂಚರು ಹೇಳಿದರು. ಹೈಸ್ಕೂಲು ಕಲಿತವನು, ಓದು ಬರಹ ಬಲ್ಲವನು ಅಲ್ಲಿ ನಾನೊಬ್ಬನೇ, ಹಾಗಾಗಿ ಬರೆಯುವ ಕೆಲಸ ನನಗೇ ಬಂತು. ಸಿಟ್ಟಿನಲ್ಲಿದ್ದೆ. ಎರಡೂ ಪ್ರತಿಗಳಲ್ಲಿ ‘ವರ್ಷಕ್ಕೊಮ್ಮೆ, ಎಳ್ಳಮಾವಾಸ್ಯೆಗೆ’ ಎಂದು ಬರೆದೆ. ಓದು ಬಾರದ ಅವಳು ಹೆಬ್ಬೆಟ್ಟು ಒತ್ತಿದಳು.

ಮುಂದಿನ ಅಮಾವಾಸ್ಯೆಗೆ ಅವಳು ಬಂದಾಗ ಮಗಳನ್ನು ಕಳಿಸಲಿಲ್ಲ. ಪಂಚರು ಮತ್ತೆ ಕೂಡಿದರು. ನಾನು ಚೀಟಿ ಓದಿದೆ.

“ತಿಂಗಳಿಗೊಮ್ಮಿ ಅಂದಿದ್ರಲ್ಲರಿ, ಅಜ್ಜಾರ,” ಎಂದಳು.

ಹಿರಿಯ ಪಂಚರು ತಲೆ ತುರಿಸಿಕೊಂಡರು. “ನನಗೂ ಹಂಗ ನೆನಪೈತಿ ನೋಡವಾ. ಆದ್ರ ನನಗ ಮುಂಜಾನಿ ಉಂಡಿದ್ದು ಸಂಜಿಗೆ ನೆನಪಿರೂದಿಲ್ಲ. ಸಾಲಿ ಕಲತಾಂವ ಬರದಾನ, ತಪ್ಪ ಬರದಾನೇನು?”

ಅವಳು ನನ್ನನ್ನು ಒಮ್ಮೆ ನೋಡಿ, ತನ್ನ ಚೀಟಿಯನ್ನು ಸೆರಗಿಗೆ ಕಟ್ಟಿಕೊಂಡು ಹೊರಟುಹೋದಳು.

ಆಮೇಲೆ ಪ್ರತಿ ಎಳ್ಳಮಾವಾಸ್ಯೆಗೆ ಬೆಳಗಾಗುತ್ತಲೇ ನಮ್ಮ ಬಾಗಿಲಿಗೆ ಸುಳ್ಳದ ಗಾಡಿ ಬರುತ್ತಿತ್ತು. ಹೊಲದಲ್ಲಿ ಭೂತಾಯಿಗೆ ಎಡೆಯ ಚರಗ ಚೆಲ್ಲಿ, ಮಗಳಿಗೆ ಉಣಿಸಿ, ಹೊತ್ತು ಮುಳುಗುವ ಮೊದಲು ಅವಳೇ ತಂದು ಬಿಡುತ್ತಿದ್ದಳು. ಒಂದು ವರ್ಷವೂ ತಡಮಾಡಲಿಲ್ಲ.

ಮಗಳು ಮೂರನೆಯ ಇಯತ್ತೆಯಲ್ಲಿದ್ದ ವರ್ಷ ಗಾಡಿಯಿಂದ ಜಿಗಿದು ಓಡಿಬಂದಳು.

“ಅಪ್ಪಾ, ಅವ್ವ ನನ್ನ ಕಡಿಂದ ಚೀಟಿ ಓದಿಸಿದ್ಲು. ಎಲ್ಲೂ ತಡವರಿಸಲಿಲ್ಲ ನಾ!”

ಹೊಸ್ತಿಲಲ್ಲೇ ಅವಳನ್ನು ತಡೆದು ಕೇಳಿದೆ, “ಕೇಳಿ ಏನಂದ್ಲು?”

“‘ನಿಮ್ಮಪ್ಪನ ಅಕ್ಷರ ಭಾಳ ಛಂದ ಅದಾವ, ಹಂಗ ಬರಿಯಾಕ ಕಲಿ’ ಅಂದ್ಲು. ಸಜ್ಜಿ ರೊಟ್ಟಿ ಕಟ್ಟಿಕೊಟ್ಟಾಳ, ನಿನಗೂ ಐತಿ.”

ಬಾಗಿಲಲ್ಲಿ ನಿಂತು, ದೂರವಾಗುತ್ತಿದ್ದ ಗಾಡಿಯನ್ನೇ ನೋಡಿದೆ. ಒಂದು ಮಾತು ಆಡಿದ್ದರೆ ಮಗಳಿಗೆ ಅಪ್ಪನೆಂಥವನೆಂದು ಅಂದೇ ತಿಳಿಯುತ್ತಿತ್ತು. ಆ ಮಾತನ್ನು ಅವಳು ಆಡಲಿಲ್ಲ. ತನ್ನ ಮಗಳ ದಿನಗಳನ್ನು ಕದ್ದವನ ಮಾನವನ್ನು ಅದೇ ಮಗಳ ಕಣ್ಣಲ್ಲಿ ಕಾಯುವಂಥ ಮನಸ್ಸನ್ನು ಅದಕ್ಕೂ ಮೊದಲು ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ.

ಇಷ್ಟಾದರೂ ಮುಂದಿನ ತಿಂಗಳ ಅಮಾವಾಸ್ಯೆಗೆ ನಾನು ಮಗಳನ್ನು ಕಳಿಸಲಿಲ್ಲ. ಈಗೇಕೆ ಕಳಿಸಿದೆ ಎಂದು ಪಂಚರು ಕೇಳಿಯಾರೆಂಬ ನಾಚಿಕೆ. ಅವಳ ತಾಯಿ ತೀರಿಕೊಂಡು ಹನ್ನೆರಡು ವರ್ಷವಾಯಿತು. ಮಗಳ ಅಕ್ಷರ ನನ್ನದರಂತೆಯೇ ದುಂಡಗಿದೆ. ಅವಳ ಕಾಗದ ಬಂದಾಗಲೆಲ್ಲ ಒಡೆಯಲು ಕೈ ಹಿಂಜರಿಯುತ್ತದೆ. ತಪ್ಪಾಯಿತು ಎಂದು ನಾನು ಹೇಳದೇ ಉಳಿದದ್ದು ಅವಳನ್ನು ಹೆತ್ತ ತಾಯಿಗೆ, ನನ್ನ ಮೊದಲ ಹೆಂಡತಿಗೆ.