ತೇವದ ಮೀಟರಿನ ಹಾಲೇಶಪ್ಪನವರು

ಹಾಲೇಶಪ್ಪನವರು ಏನನ್ನು ಹಿಡಿದರೂ ಅಂಚಿನಲ್ಲೇ ಹಿಡಿಯುತ್ತಿದ್ದರು. ಬಸ್ ಟಿಕೆಟ್ಟು, ಮದುವೆ ಕಾಗದ, ಯಾರದೋ ಮಗುವಿನ ಫೋಟೊ, ಎಲ್ಲಕ್ಕೂ ಎರಡು ಬೆರಳ ತುದಿಯಷ್ಟೇ. ಮೂಡಿಗೆರೆ ಪೇಟೆಯಲ್ಲಿ ಇದನ್ನು ಜಂಬ ಎಂದವರಿದ್ದರು, ಮಡಿ ಎಂದವರೂ ಇದ್ದರು. ಅವರು ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಅಳತೆಯ ಉಪಕರಣಗಳ ಸರ್ಕ್ಯೂಟ್ ಬರೆದವರು. ಆ ವಿಭಾಗ ಮುಚ್ಚಿದ ಮೇಲೆ ಊರಿಗೆ ಬಂದು, ತಮ್ಮನ ಹಾರ್ಡ್‌ವೇರ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಒಬ್ಬರೇ ಇದ್ದರು. ಮದುವೆಯಾಗಿರಲಿಲ್ಲ. ಯಾಕೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ತೊಂಬತ್ತರ ದಶಕದ ನಡುವಿನಲ್ಲಿ ನಾನು ಅಲ್ಲಿನ ಕಾಲೇಜಿಗೆ ಭೌತಶಾಸ್ತ್ರದ ಲೆಕ್ಚರರ್ ಆಗಿ ಬಂದೆ. ಲ್ಯಾಬಿನ ವೋಲ್ಟ್‌ಮೀಟರ್ ಒಂದು ಪ್ರಯೋಗದಲ್ಲಿ ಮಾತ್ರ ಯಾವಾಗಲೂ ಕಡಿಮೆ ತೋರಿಸುತ್ತಿತ್ತು. ಕೆಟ್ಟಿದೆಯೆಂದು ಅವರ ಹತ್ತಿರ ಒಯ್ದೆ. ಅವರು ಪ್ರಯೋಗದ ವಿವರವನ್ನೆಲ್ಲ ಕೇಳಿ, ಮೀಟರನ್ನು ಬಿಚ್ಚದೆಯೇ ವಾಪಸ್ ಕೊಟ್ಟರು.

"ಇದು ಕೆಟ್ಟಿಲ್ಲ ಮೇಡಮ್ಮೋರೆ. ನೀವು ಅಳೀತಿರೋ ಜಾಗದಲ್ಲಿ ಕರೆಂಟು ಇರೋದೇ ಚೂರು. ಅದರಲ್ಲಿ ಅರ್ಧ ಈ ಮೀಟರೇ ಕುಡೀತದೆ. ಅಳೆಯೋಕೆ ಹೋದವ್ನು ಅಲ್ಲಿಂದ ಏನೂ ಎತ್ಕೊಂಡು ಬರಬಾರ್ದು. ಎತ್ಕೊಂಡ್ರೆ ಅದು ಅಳತೆಯಲ್ಲ."

ಪುಸ್ತಕದಲ್ಲಿ ಓದಿ ಪಾಸಾಗಿದ್ದ ವಿಷಯ ಅವತ್ತು ನನಗೆ ಅರ್ಥವಾಯಿತು. ಆಮೇಲೆ ಕಾಲೇಜು ಬಿಟ್ಟ ಸಂಜೆ ಆಗಾಗ ಅಲ್ಲಿಗೆ ಹೋಗುತ್ತಿದ್ದೆ. ಪರವೂರಿನಲ್ಲಿ ಬಾಡಿಗೆ ಮನೆ, ಮಾತಿಗೆ ಯಾರೂ ಇಲ್ಲ, ಅವರಿಗೂ ಇರಲಿಲ್ಲ. ಹಾಗೆಂದು ನಾವಿಬ್ಬರೂ ಹೆಚ್ಚು ಮಾತಾಡುತ್ತಿದ್ದೆವು ಎಂದಲ್ಲ. ಅವರು ಬೆಸುಗೆ ಹಾಕುತ್ತಿದ್ದರು, ನಾನು ಉತ್ತರಪತ್ರಿಕೆ ತಿದ್ದುತ್ತಿದ್ದೆ.

ಆಗ ಅವರು ಕಾಫಿಯ ತೇವ ಅಳೆಯುವ ಮೀಟರ್ ಮಾಡುತ್ತಿದ್ದರು. ಒಂದು ಬಟ್ಟಲಿನಲ್ಲಿ ಎರಡು ಹಿತ್ತಾಳೆ ತಗಡು, ನಡುವೆ ಹಣ್ಣಿನ ಸಿಪ್ಪೆ ತೆಗೆದು ತೊಳೆದ ಪಾರ್ಚ್‌ಮೆಂಟ್ ಕಾಫಿ ಬೀಜ. ಬೀಜ ಒಣಗಿದಷ್ಟೂ ಅದರೊಳಗೆ ಹರಿಯುವ ವಿದ್ಯುತ್ತು ಕಡಿಮೆ. ಚೆನ್ನಾಗಿ ಒಣಗಿದ ಬೀಜದಲ್ಲಿ ಅದು ಇದೆಯೋ ಇಲ್ಲವೋ ಎನ್ನುವಷ್ಟು. ಅದನ್ನು ಹಿಡಿಯುವ ಸರ್ಕ್ಯೂಟಿನ ಮೊದಲ ಘಟ್ಟವೇ ತಮ್ಮ ಕೆಲಸವೆಂದೂ ಉಳಿದದ್ದನ್ನು ಯಾರು ಬೇಕಾದರೂ ಮಾಡುತ್ತಾರೆಂದೂ ಹೇಳುತ್ತಿದ್ದರು. ಎರಡು ವರ್ಷ ಯಾರೂ ಕೊಳ್ಳಲಿಲ್ಲ. ಮೂರನೆಯ ವರ್ಷ, ಕುಯ್ಲಿಗೆ ಸ್ವಲ್ಪ ಮುಂಚೆ, ಒಂದೇ ವಾರದಲ್ಲಿ ಒಂಬತ್ತು ಎಸ್ಟೇಟಿನವರು ಕೇಳಿದರು. ಹಾಲೇಶಪ್ಪನವರು ಶಿಳ್ಳೆ ಹಾಕುತ್ತ ಕೆಲಸ ಮಾಡಿದ್ದನ್ನು ನಾನು ಕಂಡದ್ದು ಆ ವಾರ ಮಾತ್ರ.

ಜನವರಿಯಲ್ಲಿ ಒಂದು ಸಂಜೆ ಮಲ್ಲಂದೂರು ಕಡೆಯ ಒಬ್ಬ ಪ್ಲಾಂಟರು ಅಂಗಡಿಯ ಮುಂದೆ ಜೀಪು ನಿಲ್ಲಿಸಿ ಒಳಗೆ ಬಂದರು. ಬಹಳ ಖುಷಿಯಲ್ಲಿದ್ದರು.

"ಹಾಲೇಶಪ್ನೋರೆ, ನಿಮ್ಮ ಮೀಟರಿಂದ ಎಸ್ಟೇಟಿನ ಲೆಕ್ಕ ಬರೆಯೋ ನಮ್ಮ ರೈಟರ್ ಸಿಕ್ಕಿಬಿದ್ದ. ಒಣಗಿದೆ ಅಂತ ಬುಕ್ಕಲ್ಲಿ ಬರೆದು ಹಸಿ ಕಾಫಿನೇ ಚೀಲಕ್ಕೆ ತುಂಬಿಸಿದ್ದ. ತೇವ ಹನ್ನೊಂದು ಪರ್ಸೆಂಟ್ ಇರ್ಬೇಕು, ಮೀಟರ್ ಹದಿನೈದು ತೋರಿಸ್ತು. ಅವತ್ತೇ ಕೆಲಸದಿಂದ ತೆಗೆದು, ಎಸ್ಟೇಟಿನ ಲೈನ್ ಮನೆ ಖಾಲಿ ಮಾಡಿಸಿ ಕಳಿಸ್ದೆ."

ಹಾಲೇಶಪ್ಪನವರು ಕೈಯಲ್ಲಿದ್ದ ಕೆಲಸ ಕೆಳಗಿಟ್ಟರು. "ಯಾವಾಗ ನೋಡಿದ್ರಿ?"

"ಬೆಳಿಗ್ಗೆ. ಮಂಜು ಇನ್ನೂ ಬಿಟ್ಟಿರ್ಲಿಲ್ಲ."

"ಬಿಸಿಲು ಬಂದ್ಮೇಲೆ ಮತ್ತೆ ನೋಡಿದ್ರಾ?"

"ಮತ್ತೆ ಯಾಕೆ ನೋಡ್ಲಿ?"

ಮೀಟರ್ ಜೀಪಿನಲ್ಲೇ ಇತ್ತು. ಹಾಲೇಶಪ್ಪನವರು ಅದನ್ನು ತರಿಸಿಕೊಂಡು, ತಮ್ಮಲ್ಲಿದ್ದ ಒಣ ಬೀಜ ಹಾಕಿದರು. ಮುಳ್ಳು ಹನ್ನೊಂದರಲ್ಲಿ ನಿಂತಿತು. ಮುಚ್ಚಳ ಬಿಚ್ಚಿ, ಕನ್ನಡಕದ ಗಾಜಿಗೆ ಊದುವ ಹಾಗೆ ಸರ್ಕ್ಯೂಟ್ ಬೋರ್ಡಿನ ಮೇಲೆ ಮೆಲ್ಲಗೆ ಉಸಿರು ಬಿಟ್ಟರು. ಮುಳ್ಳು ಹನ್ನೆರಡು ದಾಟಿತು, ಹದಿನಾಲ್ಕು ದಾಟಿತು, ಹದಿನೈದಕ್ಕೆ ಬಂತು. ಬಟ್ಟಲಿನ ಬೀಜ ಅದೇ ಬೀಜ.

ಭೂತಗನ್ನಡಿ ಹಿಡಿದು ನೋಡಿದರು. ಬಟ್ಟಲಿನಿಂದ ಬರುವ ತಂತಿ ಬೋರ್ಡಿಗೆ ಸೇರುವ ಜಾಗದಲ್ಲಿ ಒಂದು ಹೆಬ್ಬೆರಳಿನ ಗುರುತು. ಕೈಬೆವರಿನ ಉಪ್ಪು ಮಂಜಿನ ಪಸೆಯನ್ನು ಎಳೆದುಕೊಂಡಿತ್ತು. ವಿದ್ಯುತ್ತು ಬೀಜದೊಳಗಿಂದ ಬರುವುದರ ಜೊತೆಗೆ ಆ ಪಸೆಯ ಮೇಲಿಂದಲೂ ಹರಿದಿತ್ತು. ಮೀಟರಿಗೆ ಎರಡೂ ಒಂದೇ. ಬೀಜ ಹಸಿಯಾಗಿದೆ ಎಂದೇ ಹೇಳಿತ್ತು.

"ನನ್ನ ಹೆಬ್ಬೆಟ್ಟೇ ಇದು," ಎಂದರು. "ಬೋರ್ಡು ತೊಳೀಲಿಲ್ಲ. ಒಂಬತ್ತು ಬೇಕು ಅಂದ್ರಲ್ಲ, ಖುಷಿಯಲ್ಲಿ ಆತುರ ಮಾಡ್ದೆ." ಆಮೇಲೆ ಪ್ಲಾಂಟರ ಕಡೆಗೆ ತಿರುಗಿ, "ನಿಮ್ಮ ರೈಟರ್ ಬರೆದಿದ್ದು ಸರಿ ಇತ್ತು. ಎಲ್ಲಿಗೆ ಹೋದ್ರು ಅವ್ರು?" ಎಂದು ಕೇಳಿದರು.

ಪ್ಲಾಂಟರಿಗೆ ಗೊತ್ತಿರಲಿಲ್ಲ. ಮೇಸ್ತ್ರಿಯನ್ನು ವಿಚಾರಿಸಿ, ಕಳಸದಲ್ಲಿ ಹೆಂಡತಿಯ ತವರಿದೆ, ಸಿಕ್ಕರೆ ವಾಪಸ್ ಬರಲು ಹೇಳಿ ಎಂದು ಎರಡು ದಿನದ ಮೇಲೆ ಹೇಳಿ ಕಳಿಸಿದರು. ರೈಟರ ಹೆಸರು ಮಂಜಯ್ಯ.

ಭಾನುವಾರ ಹಾಲೇಶಪ್ಪನವರು ಕಳಸಕ್ಕೆ ಹೊರಟರು. ನಾನೂ ಜೊತೆಗೆ ಹೋದೆ. ಮಂಜಯ್ಯ ಬಸ್ ಸ್ಟ್ಯಾಂಡಿನಲ್ಲೇ ಸಿಕ್ಕಿದರು. ಖಾಸಗಿ ಬಸ್ಸಿನವರಿಗೆ ಏಜೆಂಟಾಗಿ ಊರುಗಳ ಹೆಸರು ಕೂಗುತ್ತಿದ್ದರು. ನಲವತ್ತರ ಸಣಕಲು ಮನುಷ್ಯ, ಇಸ್ತ್ರಿ ಮಾಡಿದ ಅಂಗಿ. ಹಾಲೇಶಪ್ಪನವರು ತಾವು ಯಾರೆಂದು ಹೇಳಿ, ಮೀಟರ್ ಸುಳ್ಳು ತೋರಿಸಿದ್ದನ್ನೂ ಅದಕ್ಕೆ ತಾವೇ ಕಾರಣವೆಂಬುದನ್ನೂ ನಿಂತಲ್ಲೇ ಹೇಳಿದರು.

ಮಂಜಯ್ಯ ಕೂಗುವುದನ್ನು ಬಿಟ್ಟು ಹತ್ತಿರ ಬಂದರು. "ನಾನು ಹಲ್ಲಲ್ಲಿ ಕಚ್ಚಿ ನೋಡಿದ್ದೆ ಸಾರ್. ಒಣಗಿತ್ತು. ಹದಿನೆಂಟು ವರ್ಷ ಹಂಗೇ ನೋಡಿದ್ದು. ಮಿಷನ್ನು ಹಸಿ ಅಂತು. ಆಮೇಲಾಮೇಲೆ ನಂಗೇ ಅನುಮಾನ ಬಂತು, ನಾನು ಕಚ್ಚೇ ಇಲ್ವೇನೋ ಅಂತ."

"ಎಸ್ಟೇಟಿನವ್ರು ವಾಪಸ್ ಕರೀತಿದಾರೆ."

"ಅಲ್ಲಿಗೆ ಹೋಗಲ್ಲ. ಒಂದು ಕೇಳ್ಲಾ? ಈಗ ಹೇಳಿದ್ರಲ್ಲ, ಇದನ್ನ ನಮ್ಮ ಮನೇಲಿ ಹೇಳ್ತೀರಾ? ಮಾವನೋರು ನನ್ನ ಹತ್ರ ಮಾತು ಬಿಟ್ಟಿದಾರೆ."

ಹಾಲೇಶಪ್ಪನವರು ಗಿರಾಕಿಗಳ ಎದುರೂ ತಡವರಿಸುವವರು. ಅವತ್ತು ಆ ಮನೆಯ ಜಗಲಿಯಲ್ಲಿ, ಮಾವ, ಹೆಂಡತಿ, ಪಕ್ಕದ ಮನೆಯ ಇಬ್ಬರು ಹೆಂಗಸರ ಮುಂದೆ, ಕೂರಿ ಎಂದರೂ ಕೂರದೆ ಎಲ್ಲವನ್ನೂ ಇನ್ನೊಮ್ಮೆ ಹೇಳಿದರು. ಮಾವನಿಗೆ ಸರ್ಕ್ಯೂಟು ಅರ್ಥವಾಗಲಿಲ್ಲ.

"ಅಂದ್ರೆ ತಪ್ಪು ಯಾರ್ದು?" ಎಂದು ಕೇಳಿದರು.

"ನನ್ದು," ಎಂದರು ಹಾಲೇಶಪ್ಪನವರು.

ಮಂಜಯ್ಯನ ಹೆಂಡತಿ ಒಳಗೆ ಹೋಗಿ ಮುಸುರೆ ಪಾತ್ರೆಗಳ ಮುಂದೆ ಕೂತು ಅತ್ತದ್ದು ನನಗೆ ಕಾಣಿಸಿತು. ಮಾವ ಅಳಿಯನ ಕಡೆ ನೋಡಿ, "ಬಂದೋರಿಗೆ ಕಾಫಿ ಕೊಡ್ಸು ಮಾರಾಯ," ಎಂದರು. ನಾವು ಕಾಫಿ ಕುಡಿದು ಹೊರಟೆವು.

ಒಂಬತ್ತು ಮೀಟರನ್ನೂ ಹಾಲೇಶಪ್ಪನವರು ವಾಪಸ್ ತರಿಸಿಕೊಂಡರು. ಬೋರ್ಡನ್ನು ಹೊಸದಾಗಿ ಬರೆದು, ಬಟ್ಟಲಿನ ತಂತಿ ಸೇರುವ ಜಾಗದ ಸುತ್ತ ತಾಮ್ರದ ಒಂದು ಬಳೆ ಇಟ್ಟರು. ಆಚೆಯಿಂದ ಕಳ್ಳದಾರಿಯಲ್ಲಿ ಬರುವ ವಿದ್ಯುತ್ತನ್ನು ಅದು ಒಳಗೆ ಬಿಡದೆ ತಡೆಯುತ್ತಿತ್ತು. ಪ್ರತಿ ಬೋರ್ಡಿನ ಮೇಲೂ ಉಸಿರು ಬಿಟ್ಟು ನೋಡಿದರು. ಮುಳ್ಳು ಅಲುಗಲಿಲ್ಲ. ಆದರೆ ನಡೆದದ್ದನ್ನು ಕೇಳಿದವರಿಗೆಲ್ಲ ಅವರೇ ಹೇಳಿಬಿಟ್ಟಿದ್ದರು. ಹೊಸದಾಗಿ ಬೇಕೆಂದು ಯಾರೂ ಬರಲಿಲ್ಲ. ಕೆಲವು ವರ್ಷಕ್ಕೆ ಹೊರಗಿನ ಡಿಜಿಟಲ್ ಮೀಟರುಗಳು ಬಂದವು. ಅವರು ಮಿಕ್ಸಿ, ವೋಲ್ಟೇಜ್ ಸ್ಟೆಬಿಲೈಸರ್ ರಿಪೇರಿಗೆ ಇಳಿದರು.

ನನಗೆ ಚಿಕ್ಕಮಗಳೂರಿಗೆ ವರ್ಗವಾಯಿತು. ಮೊದಲು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಹೋಗಿ ನೋಡುತ್ತಿದ್ದೆ. ಕೊನೆಯ ಸಲ ಹೋದಾಗ ವಯಸ್ಸಾಗಿ ಅವರ ಕೈ ನಡುಗುತ್ತಿತ್ತು, ಬೆಸುಗೆ ಹಾಕುವುದನ್ನು ಬಿಟ್ಟಿದ್ದರು. ಮೇಜು ಖಾಲಿಯಾಗಿತ್ತು. ಸ್ವಲ್ಪ ಹೊತ್ತು ಕೂತು, ಬಸ್ಸಿಗೆ ಹೊತ್ತಾಯಿತೆಂದು ಎದ್ದೆ. ಅವರೂ ಬಾಗಿಲವರೆಗೆ ಬಂದರು.

"ಮೇಡಮ್ಮೋರೆ, ಮುಂದಿನ ಬಸ್ಸಿಗೆ ಹೋದ್ರೆ ಆಗಲ್ವಾ?"

ಅಷ್ಟು ವರ್ಷಗಳಲ್ಲಿ ಅವರು ತಮಗಾಗಿ ನನ್ನನ್ನು ಏನಾದರೂ ಕೇಳಿದ್ದು ಅದೊಂದೇ. ಚಿಕ್ಕಮಗಳೂರಿನಲ್ಲಿ ಏನೋ ತುರ್ತು ಕೆಲಸವಿದೆ, ಮುಂದಿನ ತಿಂಗಳು ಖಂಡಿತ ಬರುತ್ತೇನೆ ಎಂದು ಹೊರಟುಬಿಟ್ಟೆ. ಆ ತಿಂಗಳು ಮುಗಿಯುವುದರೊಳಗೆ ಅವರ ತಮ್ಮನಿಂದ ಫೋನ್ ಬಂತು. ಆ ತುರ್ತು ಕೆಲಸ ಏನಿತ್ತೆಂದು ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ.