ಕಾವಳದಲ್ಲಿ ಕೂಗಿದ್ದು

ಎಸ್‌ಟಿಡಿ ಬೂತಿನ ಮುಂದೆ ಜನ ಸಾಲು ನಿಲ್ಲುತ್ತಿದ್ದ ಕಾಲ ಅದು. ಧನುರ್ಮಾಸ ಬಂತೆಂದರೆ ಚನ್ನರಾಯಪಟ್ಟಣದ ನಮ್ಮ ಬೀದಿಗೆಲ್ಲ ಹುಗ್ಗಿಯ ಮೆಣಸು, ತುಪ್ಪದ ಘಮ. ಸಂತೆಯ ಕಡೆಯಿಂದ ಅವರೆಕಾಯಿಯ ಸೊಗಡು. ಅಪ್ಪ ದೇವಸ್ಥಾನದ ಅರ್ಚಕರು. ಮನೆಯಲ್ಲಿ ದನಿ ಎತ್ತುವ ಹಕ್ಕಿದ್ದದ್ದು ಅವರೊಬ್ಬರಿಗೇ, ಅದೂ ಮಂತ್ರಕ್ಕೆ. ನಾನು ಬಾಯಿ ತೆರೆದರೆ ಸಾಕು, "ಮೆಲ್ಲಗೆ ಕಣಮ್ಮ" ಅನ್ನೋರು. ಒಂಬತ್ತನೇ ಕ್ಲಾಸಿಗೆ ಬರುವ ಹೊತ್ತಿಗೆ ನನ್ನ ಮಾತು ಪಕ್ಕದ ಬೆಂಚಿಗೂ ಕೇಳುತ್ತಿರಲಿಲ್ಲ. ಹಾಜರಿ ಹಾಕುವಾಗ ನನ್ನ ಪರವಾಗಿ "ಬಂದವ್ಳೆ ಮಿಸ್" ಅನ್ನುತ್ತಿದ್ದವಳು ಗೆಳತಿ ರತ್ನ.

ರತ್ನ ಹಿರೀಸಾವೆ ಪಕ್ಕದ ಹಳ್ಳಿಯಿಂದ ದಿನಾ ಬಸ್ಸಲ್ಲಿ ಬರೋಳು. ಅವಳದು ಬಾಯಿ ಬೊಂಬಾಯಿ. ಆ ಚಳಿಗಾಲ ಪಿ.ಟಿ. ಮೇಡಂ ನಮ್ಮನ್ನು ಕೊಣನೂರಿನಾಚೆ, ಕಾವೇರಿ ದಡದ ಕಾಡಂಚಿಗೆ ಶಿಬಿರಕ್ಕೆ ಕರೆದೊಯ್ಯುವುದು ಅಂತಾಯಿತು. ರತ್ನನ ಅಜ್ಜಿ ಮಾತ್ರ ಸುತರಾಂ ಒಪ್ಪಲಿಲ್ಲ. ನಾನೇ ಅವರ ಮನೆಗೆ ಹೋಗಿ ಕೇಳಿದೆ. ಅಯ್ನೋರ ಮಗಳೇ ಬಂದು ಕೇಳಿದ್ದಕ್ಕೆ ಅಜ್ಜಿ ಕರಗಿದರು.

"ನಿನ್ ಕೈಗೆ ಕೊಡ್ತಾವ್ನಿ ಕಣವ್ವ. ಒಳೆ ದಿಕ್ಕಿಗೆ ಬುಡ್ಬ್ಯಾಡ. ಈಜು ಬರಾಕಿಲ್ಲ ಇವ್ಳಿಗೆ," ಅಂದರು. ನಾನು ತಲೆಯಾಡಿಸಿದೆ. ತಲೆಯಾಡಿಸುವುದೇನು, ಸುಲಭ.

ಅರಕಲಗೂಡು ದಾಟಿದ ಮೇಲೆ ಬಸ್ಸಿನ ಕಿಟಕಿಯೊಳಕ್ಕೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗಳ ಘಾಟು ನುಗ್ಗಿತು. ಸಂಜೆ ಬೆಂಕಿ ಹಾಕಿ ಗೆಣಸು ಸುಟ್ಟೆವು. ಹೊಳೆಯಲ್ಲಿ ಆರಿಸಿದ ನುಣುಪು ಕಲ್ಲುಗಳಲ್ಲಿ ಅಣ್ಣೆಕಲ್ಲು ಆಡಿದೆವು. ರತ್ನ ನನ್ನನ್ನು ಸೋಲಿಸಿ ಸೋಲಿಸಿ ಕುಣಿದಳು.

ಬೆಳಿಗ್ಗೆ ಎದ್ದು ನೋಡಿದರೆ ಕಾವಳ. ಅಂಥ ಮಂಜನ್ನು ನಾನು ಮತ್ತೆಂದೂ ನೋಡಿಲ್ಲ. ಮರಗಳಿಗೆ ಬುಡವಿರಲಿಲ್ಲ, ಕೊಂಬೆಗಳು ಸುಮ್ಮನೆ ತೇಲುತ್ತಿದ್ದವು. ಇಬ್ಬನಿ ಎಲೆಯಿಂದ ಎಲೆಗೆ ಟಪ್ ಟಪ್ ಅಂತ ಇಳಿಯುವುದು ಬಿಟ್ಟರೆ ಸದ್ದಿಲ್ಲ. ಉಪ್ಪಿಟ್ಟಿನ ಒಲೆಗೆ ಪುಳ್ಳೆ ಆರಿಸಲು ನಾವಿಬ್ಬರೂ ಹೋದೆವು. ಕಾಲಿದೆಯೋ ಇಲ್ಲವೋ ತಿಳಿಯದ ಹಾಗೆ ನಡೆಯುವುದೇ ಒಂದು ಸುಖವಾಗಿತ್ತು. ಹೊರೆ ಕಟ್ಟಿ ತಲೆ ಎತ್ತಿದೆ. ರತ್ನ ಇರಲಿಲ್ಲ.

ನಡೆಯುತ್ತಾ ಹೊಳೆಯ ಹತ್ತಿರಕ್ಕೇ ಬಂದಿದ್ದೆವೋ ಏನೋ, ನೀರಿನ ಸದ್ದು ಎಲ್ಲ ಕಡೆಯಿಂದ ಬರುತ್ತಿತ್ತು. ಮೇಡಂ ಊದುತ್ತಿದ್ದ ಸೀಟಿಯೂ ಹಾಗೇ, ಯಾವ ದಿಕ್ಕೋ ಗೊತ್ತಾಗದು. "ರತ್ನಾ" ಅಂದೆ. ತೆಳ್ಳಗೆ ಹೋಯಿತು. ಸ್ವಲ್ಪ ಜೋರಾಗಿ ಇನ್ನೊಮ್ಮೆ ಅಂದೆ. ಉಸಿರಿಲ್ಲ. ಒಂದಕ್ಕೆ ಹತ್ತು ಮಾತಾಡುವವಳು ಸುಮ್ಮನಿದ್ದಾಳೆ ಅಂದರೆ ನೀರಿಗೇ ಬಿದ್ದಿರಬೇಕು. ಮೇಡಂ ಹತ್ತಿರ ಓಡೋಣವೆಂದರೆ ಈ ಜಾಗಕ್ಕೆ ಮತ್ತೆ ಬರುವುದು ಹೇಗೆ? ಅಜ್ಜಿಗೆ ಏನು ಹೇಳಲಿ?

ಎಲ್ಲಿತ್ತೋ ಆ ದನಿ. ಅಂಗಾಲಿನಿಂದ ಎದ್ದು ಬಂತು.

"ರತ್ನೀ, ಎಲ್ಲಿ ಸತ್ತೇ? ಓ ಅನ್ನೇ!"

ಹಕ್ಕಿಗಳು ಪಟಪಟ ಎದ್ದವು. ಆಚೆ ದಡದಿಂದ ನನ್ನ ಕೂಗು ತಿರುಗಿ ಬಂತು. ಯಾರೋ ದೊಡ್ಡ ಹೆಂಗಸು ಕೂಗಿದ ಹಾಗಿತ್ತು.

"ಓ... ಇಲ್ಲೇ ಇವ್ನಿ ಕಣೆ."

ಮೂರು ಮಾರು ದೂರದಲ್ಲಿ ಹೊಂಗೆ ಮರ ತಬ್ಬಿ ನಿಂತಿದ್ದಳು. ಅವಳ ಹಿಂದೆಯೇ ನೀರು. ಎಳೆದುಕೊಂಡು ಬಂದು ಕೆನ್ನೆಗೆ ಒಂದು ಬಿಟ್ಟೆ. ಆಮೇಲೆ ಹಿಡಿದುಕೊಂಡು ಅತ್ತೆ. ಮೊದಲೇ ಯಾಕೆ ಓಗೊಡಲಿಲ್ಲ ಅಂತ ಕೇಳಿದೆ.

"ದೆವ್ವ ಗಾಳಿ ಎಲ್ಡೇ ಸಲ ಕೂಗೋದಂತೆ, ಅಜ್ಜಿ ಯೋಳೈತೆ. ಮೂರ್ನೇ ಸಲ ಕೂಗೋರು ಮನುಸ್ರು ಮಾತ್ರವಂತೆ. ಅದ್ಕೇ ನಿಂತಿದ್ದೆ. ಆದ್ರೂ ಎಷ್ಟೊತ್ ಮಾಡ್ದೆ ನೀನು," ಅಂತ ನನ್ನನ್ನೇ ಬೈದಳು.

ಮನೆಗೆ ಬಂದಾಗ ಗಂಟಲು ಕಟ್ಟಿತ್ತು. ಅಪ್ಪ ಮೆಣಸು, ಬೆಲ್ಲದ ಕಷಾಯ ಕಾಸಿ ಕೊಟ್ಟು, ಏನಾಯಿತು ಅಂದರು. "ಕೂಗಿದೆ ಅಪ್ಪ" ಅಂದೆ. ಅವರು ಲೋಟ ಇಸಿದುಕೊಂಡು ಒಳಗೆ ಹೋದರು. ನನ್ನ ಗಂಟಲು ಬಿಟ್ಟ ಮೇಲೂ "ಮೆಲ್ಲಗೆ" ಅನ್ನಲಿಲ್ಲ.

ರತ್ನ ಈಗ ಹಿರೀಸಾವೆಯಲ್ಲಿ ಹೋಟೆಲ್ ನಡೆಸುತ್ತಾಳೆ. ನನ್ನನ್ನು ಕಂಡರೆ ಕೆನ್ನೆ ಸವರಿಕೊಂಡು ನಗುತ್ತಾಳೆ. ನಾವು ಪುಳ್ಳೆ ಆರಿಸಿದ ಕಡೆ ರೆಸಾರ್ಟ್ ಬಂದಿದೆಯಂತೆ. ನನ್ನ ಮಗಳಿಗೀಗ ಹದಿನಾಲ್ಕು. ಶಾಲೆಯವರು ಕಾಡಿಗೆ ಕರೆದೊಯ್ದರೂ ಗಳಿಗೆಗೊಂದು ಫೋಟೊ ಬರುತ್ತದೆ, ಎಲ್ಲಿದ್ದಾಳೆಂದು ಫೋನಿನಲ್ಲೇ ಕಾಣುತ್ತದೆ. ನನಗೂ ನೆಮ್ಮದಿಯೇ, ಸುಳ್ಳು ಯಾಕೆ ಹೇಳಲಿ. ಆದರೂ ಆ ಹುಡುಗಿ ಇದುವರೆಗೆ ಯಾರಿಗಾಗಿಯೂ ಗಂಟಲು ಹರಿಯುವಂತೆ ಕೂಗಿಲ್ಲ. ಅವಳ ಪೂರ್ತಿ ದನಿ ಹೇಗಿದೆಯೆಂದು ನನಗೆ ಗೊತ್ತಿಲ್ಲ. ಅವಳಿಗೂ ಗೊತ್ತಿಲ್ಲ.